ಸೇವಂತಿಗೆಯ ಬಿಳಿ ತುಕ್ಕು: ಗಿಡ ಬದಲಾಯಿತೇ, ರೋಗ ಬದಲಾಯಿತೇ?

ಪ್ರಶ್ನೆ (ಯಲಹಂಕದಿಂದ)
ನಮ್ಮ ತಾರಸಿಯಲ್ಲಿ ಹಳದಿ ಮತ್ತು ಬಿಳಿ ಸೇವಂತಿಗೆಗಳನ್ನು ಮೂರು ವರ್ಷಗಳಿಂದ ಅಕ್ಕಪಕ್ಕದ ಕುಂಡಗಳಲ್ಲಿ ಬೆಳೆಸುತ್ತಿದ್ದೇನೆ. ಮಳೆಗಾಲದ ಕೊನೆಗೆ ಹಳದಿಗೆ ಬಿಳಿ ತುಕ್ಕು ಎಂಬ ಎಲೆರೋಗ ತಗಲುತ್ತಿತ್ತು, ಬಿಳಿಯದಕ್ಕೆ ಏನೂ ಆಗುತ್ತಿರಲಿಲ್ಲ. ಈ ಸಲ ನರ್ಸರಿಯೊಂದರಿಂದ ಹೊಸ ಸಸಿಗಳನ್ನು ತಂದಿಟ್ಟ ಮೇಲೆ ಬಿಳಿ ಸೇವಂತಿಗೆಯ ಎಲೆಯಡಿಯಲ್ಲೂ ಮೇಣದಂಥ ಗುಳ್ಳೆಗಳೆದ್ದಿವೆ. ಗಿಡದ ಶಕ್ತಿಯೇ ಕುಂದಿತೇ?

ಉತ್ತರ 1
ಗಿಡವನ್ನು ದೂರಬೇಡಿ. ಸೇವಂತಿಗೆಯನ್ನು ಕಡ್ಡಿಯಿಂದಲೋ ಕಂದಿನಿಂದಲೋ ಬೆಳೆಸುವುದರಿಂದ, ವಂಶವಾಹಿಯ ಮಟ್ಟಿಗೆ ನಿಮ್ಮ ಗಿಡ ಮೂರು ವರ್ಷಗಳ ಹಿಂದೆ ಇದ್ದಂತೆಯೇ ಇದೆ. ಈ ರೋಗಕ್ಕೆ ಕಾರಣವಾದ ಪಕ್ಸೀನಿಯಾ ಹೊರಿಯಾನಾ ಎಂಬ ಶಿಲೀಂಧ್ರದಲ್ಲಿ, ಸೂಕ್ಷ್ಮದರ್ಶಕದಡಿಯಲ್ಲೂ ಒಂದೇ ಎನಿಸುವ, ಆದರೆ ಒಂದೊಂದು ಸೇವಂತಿಗೆ ತಳಿಯ ಮೇಲೆ ಒಂದೊಂದು ರೀತಿ ವರ್ತಿಸುವ ಹಲವು ರೋಗತಳಿಗಳಿವೆ. ಗಿಡದ ಒಂದು ನಿರೋಧಕ ವಂಶವಾಹಿ ಶಿಲೀಂಧ್ರದ ಒಂದು ನಿರ್ದಿಷ್ಟ ಗುರುತನ್ನಷ್ಟೇ ಪತ್ತೆಹಚ್ಚುತ್ತದೆ. ಆ ಗುರುತು ಕಳೆದುಕೊಂಡ ರೋಗತಳಿ ಕಾವಲನ್ನು ದಾಟಿ ಒಳಹೋಗುತ್ತದೆ. ಅಗಸೆಯ ತುಕ್ಕಿನಲ್ಲಿ ಅಮೆರಿಕದ ಸಸ್ಯರೋಗ ವಿಜ್ಞಾನಿ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿ ತೋರಿಸಿಕೊಟ್ಟ ಲೆಕ್ಕಾಚಾರವೇ ಇದು. ಅದಕ್ಕೂ ಮೊದಲೇ, 1930ರ ದಶಕದಲ್ಲಿ, ಅಮೆರಿಕದ ತುಕ್ಕುನಿರೋಧಕ ಸ್ನ್ಯಾಪ್‌ಡ್ರಾಗನ್ ಹೂಗಿಡಗಳನ್ನು ಹೊಸದೊಂದು ರೋಗತಳಿ ಸೋಲಿಸಿತ್ತು. ನಿಮ್ಮ ಹೊಸ ಸಸಿಗಳು, ಲಕ್ಷಣ ಕಾಣಿಸುವ ಮೊದಲೇ, ಅಂಥದ್ದೊಂದನ್ನು ಹೊತ್ತು ತಂದಿರಬಹುದು.

ಉತ್ತರ 2
ಮೇಲಿನ ವಿವರಣೆ ಸರಿಯೇ, ಆದರೆ ತೀರ್ಪಿಗೆ ಆತುರ ಬೇಡ. ಈ ಶಿಲೀಂಧ್ರದ ಬೆಸಿಡಿಯೋಬೀಜಕಗಳು (ಗಾಳಿಯಲ್ಲಿ ಹಾರಿ ರೋಗ ಹರಡುವ ಸೂಕ್ಷ್ಮ ಕಣಗಳು) ಒಣ ಗಾಳಿಯಲ್ಲಿ ಕೆಲವೇ ನಿಮಿಷ ಬದುಕುತ್ತವೆ. 17 ಡಿಗ್ರಿಯ ಆಸುಪಾಸಿನಲ್ಲಿ ಎಲೆ ಸುಮಾರು ಐದು ಗಂಟೆ ಒದ್ದೆಯಾಗಿದ್ದರೆ ಸೋಂಕು ತಗಲುತ್ತದೆ. ಬೆಂಗಳೂರಿನ ಜಡಿಮಳೆಯ ರಾತ್ರಿಗಳಿಗೆ ಇದೇನು ಹೊಸದಲ್ಲ. ಹಿಂದೆ ಬಿಳಿ ಗಿಡ ಬರೀ ಅದೃಷ್ಟದಿಂದ ಪಾರಾಗಿತ್ತೋ ಏನೋ. ಹಳೆಯ ಹಳದಿ ಗಿಡದ ರೋಗ, ಹೊಸ ಸಸಿಗಳು ತಲುಪದ ಬೇರೆಲ್ಲಾದರೂ ಉಳಿದಿದ್ದರೆ, ಬಿಳಿಯದರ ಶುದ್ಧ ಕಡ್ಡಿಗಳನ್ನು ಎರಡು ಮುಚ್ಚಿದ ಡಬ್ಬಿಗಳಲ್ಲಿ ನೆಟ್ಟು, ಒಂದರಲ್ಲಿ ಹಳೆಯ ರೋಗದ ಎಲೆಯನ್ನೂ ಇನ್ನೊಂದರಲ್ಲಿ ಹೊಸದನ್ನೂ ಮೇಲೆ ತೂಗುಹಾಕಿ ನೋಡಿ. ಎರಡನೆಯದರಲ್ಲಿ ಮಾತ್ರ ಗುಳ್ಳೆ ಎದ್ದರೆ ರೋಗತಳಿಯ ವಾದಕ್ಕೆ ಬಲ ಬರುತ್ತದೆ. ಟ್ರಯಾಜೋಲ್, ಸ್ಟ್ರಾಬಿಲ್ಯುರಿನ್ ಗುಂಪಿನ ಶಿಲೀಂಧ್ರನಾಶಕ ಔಷಧಿಗಳಿಗೆ ಬಗ್ಗದ ಶಿಲೀಂಧ್ರ ತಳಿಗಳೂ ವಿದೇಶಗಳಲ್ಲಿ ಕಂಡಿರುವುದರಿಂದ ಒಂದೇ ಔಷಧಿಯನ್ನು ಪದೇಪದೇ ಸಿಂಪಡಿಸಬೇಡಿ.

ಪ್ರಶ್ನಿಸಿದವರು
ನಾನು ಕೊಟ್ಟ ಹಳದಿ ಕಂದುಗಳು ಬಸವನಗುಡಿಯ ಅಕ್ಕನ ಮನೆಯಲ್ಲಿವೆ, ಅಲ್ಲಿಗೆ ಹೊಸ ಸಸಿಗಳು ಹೋಗಿಲ್ಲ. ಅವಕ್ಕೂ ತುಕ್ಕು ಇದೆಯಂತೆ. ನಾಲ್ಕು ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಲು ಹೇಳಿದ್ದೇನೆ; ಎರಡು ವಾರ ಬಿಟ್ಟು ಡಬ್ಬಿಗಳಲ್ಲಿ ಕಂಡದ್ದನ್ನು ಇಲ್ಲೇ ಬರೆಯುತ್ತೇನೆ.