12345678987654321ರ ಭಾಜಕಗಳು 45 ಹೇಗೆ?

ಪ್ರಶ್ನೆ:
ಈ 17 ಅಂಕಿಯ ಸಂಖ್ಯೆ ಹಿಂದಿನಿಂದ ಓದಿದರೂ ಅದೇ. ಸುಮ್ನೆ ಕುತೂಹಲಕ್ಕೆ ಭಾಜಕಗಳನ್ನು ಎಣಿಸಿದೆ, 45 ಬಂತು. ಭಾಜಕಗಳು ಜೋಡಿಯಾಗಿ ಬರುತ್ತವೆ ಅಲ್ವಾ, ಹಾಗಿದ್ದರೆ ಬೆಸ ಸಂಖ್ಯೆ ಬಂದದ್ದು ಹೇಗೆ? ಅಂಕಿಗಳ ಮೊತ್ತ 81, ಸಂಖ್ಯೆಯನ್ನೂ 81 ಭಾಗಿಸುತ್ತದೆ. ಇದು ನಿಯಮವೇ?

ಉತ್ತರ 1:
ನಿಮ್ಮ ಎಣಿಕೆ ಸರಿ. ಇದು 111111111ರ ವರ್ಗ. ಆ ಒಂಬತ್ತು ಒಂದುಗಳನ್ನು ಒಡೆದರೆ 3 × 3 × 37 × 333667. ವರ್ಗ ಮಾಡಿದಾಗ 3ರ ಘಾತ 4, ಉಳಿದೆರಡರ ಘಾತ 2. ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿ: 5 × 3 × 3 = 45. ವರ್ಗಮೂಲಕ್ಕೆ ಜೋಡಿ ಅದೇ ಆಗಿರುತ್ತದೆ, ಹಾಗಾಗಿ ಯಾವ ಪೂರ್ಣ ವರ್ಗಕ್ಕೂ ಭಾಜಕಗಳ ಎಣಿಕೆ ಬೆಸವೇ.

ಉತ್ತರ 2:
81ರದ್ದು ನಿಯಮ ಅಲ್ಲ, ದಯವಿಟ್ಟು ಹಾಗೆ ನೆನಪಿಟ್ಟುಕೊಳ್ಳಬೇಡಿ. ಅಂಕಿಗಳ ಮೊತ್ತದ ಪರೀಕ್ಷೆ 3 ಮತ್ತು 9ಕ್ಕೆ ಮಾತ್ರ ಖಚಿತ. 1899ರ ಮೊತ್ತ 27, ಆದರೆ 27 ಅದನ್ನು ಭಾಗಿಸುವುದಿಲ್ಲ. ಇಲ್ಲಿ 81 ಹೊಂದುವುದಕ್ಕೆ ಕಾರಣ ಬೇರೆ: 111111111ನ್ನು 9 ಭಾಗಿಸುತ್ತದೆ, ಅದರ ವರ್ಗವನ್ನು 81 ಭಾಗಿಸಲೇಬೇಕು.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು, ತುಂಬಾ ಥ್ಯಾಂಕ್ಸ್. ಹತ್ತು ಒಂದುಗಳಿಗೂ ಹೀಗೇ ಚಂದ ಬರುತ್ತದಾ?

ಉತ್ತರ 1:
ಇಲ್ಲ. ಕಾಗದದ ಮೇಲೆ ಗುಣಾಕಾರ ಬರೆದು ನೋಡಿ, ಒಂದುಗಳು ಮೆಟ್ಟಿಲಿನ ಹಾಗೆ ಸರಿಯುತ್ತಾ ಹೋಗಿ ಮಧ್ಯದ ಕಂಬಸಾಲಿನಲ್ಲಿ ಜಾಸ್ತಿ ಸೇರುತ್ತವೆ. ಒಂಬತ್ತರವರೆಗೆ ಒಂದೇ ಅಂಕಿಯಲ್ಲಿ ಹಿಡಿಸುತ್ತದೆ. ಹತ್ತಾದಾಗ 1 ಎಡಕ್ಕೆ ಹೋಗುತ್ತದೆ, 1234567900987654321 ಬರುತ್ತದೆ. ಎಡಗಡೆಯ 8 ಮಾಯ!