ಇಳಿಜಾರು ಹಿತ್ತಲಿಗೆ ತಡೆಗೋಡೆ: ಕಟ್ಟಿದವರು, ಕೆಡವಿದವರು ಹೇಳಿ

ಮನೆ ಹಿಂದಿನ ಜಾಗ ಇಳಿಜಾರು. ಅಡ್ಡ 40 ಅಡಿ, ಮೇಲಿಂದ ಕೆಳಕ್ಕೆ 20 ಅಡಿ, ಅಷ್ಟರಲ್ಲೇ 6 ಅಡಿ ಇಳಿಯುತ್ತದೆ. ಜೋರು ಮಳೆ ಬಂದಾಗಲೆಲ್ಲ ಮಣ್ಣು ಕೊಚ್ಚಿಕೊಂಡು ಹೋಗಿ ಗಿಡಗಳ ಬೇರು ಹೊರಗೆ ಕಾಣುತ್ತಿದೆ. ಗೋಡೆ ಕಟ್ಟಿ, ಮಣ್ಣು ತುಂಬಿ, ಮಟ್ಟ ಮಾಡಿ ತರಕಾರಿ ಹಾಕುವ ಆಸೆ. ಒಬ್ಬ ಮೇಸ್ತ್ರಿ 6 ಇಂಚಿನ ಸಿಮೆಂಟ್ ಬ್ಲಾಕಿನಲ್ಲಿ ಕಟ್ಟಿ ಗಾರೆ ಮಾಡಿದರೆ ಸಾಕು ಅನ್ನುತ್ತಾರೆ, ಇನ್ನೊಬ್ಬರು ಕಲ್ಲೇ ಆಗಬೇಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

—

ಮೊದಲನೆಯವರ ಮಾತು ಮಾತ್ರ ಕೇಳಬೇಡಿ. ಅದನ್ನೇ ಮಾಡಿ ಕಳೆದುಕೊಂಡವನು ನಾನು. 5 ಅಡಿ ಎತ್ತರ, ಬ್ಲಾಕು, ಎರಡೂ ಕಡೆ ನುಣ್ಣಗೆ ಗಾರೆ, ನೋಡಲು ಬಹಳ ಚೆನ್ನಾಗಿತ್ತು. ಮೊದಲ ಮಳೆಗಾಲದಲ್ಲಿ ನಡುವೆ ಸ್ವಲ್ಪ ಹೊಟ್ಟೆ ಬಿಟ್ಟಿತು, ನಾನು ಸುಮ್ನೆ ಇದ್ದೆ. ಎರಡನೇ ಮಳೆಗಾಲದಲ್ಲಿ ಒಂದು ರಾತ್ರಿ 15 ಅಡಿ ಉದ್ದದ ತುಂಡು ಹಾಗೇ ಮುಂದಕ್ಕೆ ಮಲಗಿತು. ನೀರು ಹೊರಗೆ ಬರಲು ಗೋಡೆಯಲ್ಲಿ ಒಂದೇ ಒಂದು ತೂತು ಇರಲಿಲ್ಲ.

ಆಮೇಲೆ ಒಬ್ಬ ಎಂಜಿನಿಯರ್ ಲೆಕ್ಕ ಹೇಳಿದರು. ಗೋಡೆಯ ಹಿಂದೆ 5 ಅಡಿ ನೀರು ನಿಂತರೆ, ಮಣ್ಣು ಬಿಡಿ, ನೀರೊಂದೇ ಪ್ರತಿ ಮೀಟರ್ ಉದ್ದಕ್ಕೆ 1 ಟನ್ನಿಗಿಂತ ಜಾಸ್ತಿ ತಳ್ಳುತ್ತದಂತೆ. ಒಣಗಿದ ಮಣ್ಣು ತಳ್ಳುವುದು ಅದಕ್ಕಿಂತ ಎಷ್ಟೋ ಕಡಿಮೆ. ಕಾಂಪೌಂಡ್ ಗೋಡೆ ಸುಮ್ಮನೆ ನಿಂತಿರುತ್ತದೆ, ತಡೆಗೋಡೆ ದಿನವಿಡೀ ಒದೆ ತಿನ್ನುತ್ತಿರುತ್ತದೆ. ಎರಡಕ್ಕೂ ಒಂದೇ ಬ್ಲಾಕು ಸಾಕು ಅನ್ನುವ ಮೇಸ್ತ್ರಿ ಬೇರೆ ಕೆಲಸಕ್ಕೆ ಒಳ್ಳೆಯವರಿರಬಹುದು, ಇದಕ್ಕಲ್ಲ.

—

ಕಲ್ಲಿನ ಗೋಡೆ ಕಟ್ಟಿಸಿ 11 ವರ್ಷ ಆಯಿತು, ಗಾರೆ ಇಲ್ಲದ ಒಣ ಕಟ್ಟಡ, ಒಂದು ಕಲ್ಲೂ ಜರುಗಿಲ್ಲ. ಸಂದುಗಳಲ್ಲೇ ನೀರು ಇಳಿದು ಹೋಗುವುದರಿಂದ ಹಿಂದೆ ನಿಲ್ಲುವುದೇ ಇಲ್ಲ. ಆದರೆ ಕಲ್ಲು ಅಂದ ಮಾತ್ರಕ್ಕೆ ಗಟ್ಟಿ ಅಂದುಕೊಳ್ಳಬೇಡಿ. ಬುಡದ ದಪ್ಪ ಎತ್ತರದ ಅರ್ಧದಷ್ಟಾದರೂ ಇರಲಿ, ಅಂದರೆ 3 ಅಡಿ ಗೋಡೆಗೆ ಒಂದೂವರೆ ಅಡಿ, 2 ಇದ್ದರೆ ಇನ್ನೂ ಒಳ್ಳೆಯದು. ಮುಖ ನೇರ ಎದ್ದು ನಿಲ್ಲಬಾರದು, ಗುಡ್ಡದ ಕಡೆ ವಾಲಿರಬೇಕು, 6 ಅಡಿಗೆ 1 ಅಡಿಯಷ್ಟು. ಪಾಯ ಗಟ್ಟಿ ಮಣ್ಣು ಸಿಗುವವರೆಗೆ ತೆಗೆಯಿರಿ, ದೊಡ್ಡ ಕಲ್ಲುಗಳು ಅಲ್ಲೇ ಹೂತು ಹೋಗಲಿ, ಕಾಣುವುದಿಲ್ಲವಲ್ಲ ಅಂತ ಬೇಸರ ಬೇಡ. ಒಂದು ವರಸೆಯ ಸಂದಿನ ಮೇಲೆ ಮುಂದಿನ ವರಸೆಯ ಸಂದು ಬರಕೂಡದು. ನಡುನಡುವೆ ಗೋಡೆಯ ದಪ್ಪಕ್ಕೂ ಒಳಕ್ಕೆ ಹೋಗುವ ಉದ್ದ ಕಲ್ಲು ಇಡಿಸಿ. ನಮ್ಮ ಕೆಲಸದವರು ಇದನ್ನು ತಪ್ಪಿಸಲು ನೋಡಿದರು, ಎತ್ತಲು ಭಾರ ನೋಡಿ. ಎರಡು ದಿನ ನಾನು ಕುರ್ಚಿ ಹಾಕಿಕೊಂಡು ಎದುರಿಗೇ ಕೂತೆ.

—

ತೂತು ಬಿಟ್ಟರೆ ಆಯಿತು ಅಂತಲೂ ಅಲ್ಲ. ನಮ್ಮದು ಕಾಂಕ್ರೀಟ್ ಗೋಡೆ, 5 ಅಡಿಗೊಂದು 3 ಇಂಚಿನ ಪೈಪ್ ಬಿಟ್ಟಿದ್ದೆವು, ಹಿಂದೆ ಮಾತ್ರ ನೇರ ಜೇಡಿ ಮಣ್ಣು ತುಂಬಿದೆವು. ಎರಡೇ ವರ್ಷದಲ್ಲಿ ಪೈಪೆಲ್ಲ ಕಟ್ಟಿಕೊಂಡವು. ಮತ್ತೆ ಅಗೆದು, ಗೋಡೆಗೆ ತಾಗಿ 1 ಅಡಿ ಅಗಲ ಜಲ್ಲಿ ಹಾಕಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಸೋಸುವ ಬಟ್ಟೆ ಹಾಸಿದೆವು, ಅದನ್ನು ಜಿಯೋಟೆಕ್ಸ್‌ಟೈಲ್ ಅಂತ ಕೇಳಿದರೆ ಕೊಡುತ್ತಾರೆ. ಬುಡದಲ್ಲಿ ತೂತಿನ ಪೈಪ್ ಮಲಗಿಸಿ ಒಂದು ತುದಿಗೆ ಇಳಿಜಾರು ಕೊಟ್ಟೆವು. ನಿಮ್ಮ 40 ಅಡಿಗೆ 5 ಇಂಚು ಇಳಿದರೆ ಸಾಕು. ಮೊದಲೇ ಮಾಡಿದ್ದರೆ ಅರ್ಧ ದಿನದ ಕೆಲಸ, ಆಮೇಲೆ ಮಾಡಿದ್ದಕ್ಕೆ ಎರಡು ವಾರ ಹಿಡಿಯಿತು.

ಮಣ್ಣನ್ನೂ ಒಂದೇ ಸಲ ಸುರಿಯಬೇಡಿ. ಅರ್ಧರ್ಧ ಅಡಿ ಹಾಕಿ, ಗುದ್ದಿ, ಮತ್ತೆ ಹಾಕಿ. ಗೋಡೆಗೆ ಹತ್ತಿರ ಮಾತ್ರ ಭಾರದ ಯಂತ್ರ ಬೇಡ, ಕೈಯಲ್ಲೇ ಗುದ್ದಿ.

ಅಂದ ಹಾಗೆ, ನಿಮ್ಮ ಚಾವಣಿ ನೀರು ಎಲ್ಲಿ ಬೀಳುತ್ತದೆ?

—

6 ಅಡಿಯನ್ನು ಒಂದೇ ಗೋಡೆಯಲ್ಲಿ ಮುಗಿಸುವುದು ಯಾಕೆ? ಎತ್ತರ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. 3 ಅಡಿಯ ಎರಡು ಗೋಡೆ ಕಟ್ಟಿ, ನಡುವೆ 6 ಅಡಿಗೆ ಕಡಿಮೆ ಇಲ್ಲದಂತೆ ಜಾಗ ಬಿಡಿ, ಎರಡು ಮಟ್ಟದಲ್ಲಿ ತೋಟ ಸಿಗುತ್ತದೆ. ತೀರಾ ಹತ್ತಿರ ಕಟ್ಟಿದರೆ ಮೇಲಿನದು ಕೆಳಗಿನದರ ಹೆಗಲ ಮೇಲೆ ಕೂತ ಹಾಗೆ. ಒಂದೇ ಗೋಡೆ ಬೇಕೇ ಬೇಕು ಅಂದರೆ ಎಂಜಿನಿಯರ್ ಇಲ್ಲದೆ ಕೈ ಹಾಕಬೇಡಿ, ಪಕ್ಕದಲ್ಲಿ ಬೇರೆಯವರ ಜಾಗ ಇದ್ದರಂತೂ ಇಲ್ಲವೇ ಇಲ್ಲ. ಅನುಮತಿ ಬೇಕೋ ಅಂತಲೂ ಮೊದಲೇ ವಿಚಾರಿಸಿ.

—

ಗೋಡೆಯ ಮೇಲಂಚಿಗೆ ಹುಲ್ಲು, ಲಾವಂಚ, ಸಣ್ಣ ಗಿಡ ಹಾಕಿ. ಲಾವಂಚದ ಬೇರು ನೇರ ಕೆಳಗಿಳಿದು ಮಣ್ಣು ಹಿಡಿಯುತ್ತದೆ. ದೊಡ್ಡ ಮರ ಮಾತ್ರ ದೂರ ಇರಲಿ. ನಾನು ಗೋಡೆಯಿಂದ 4 ಅಡಿಯಲ್ಲಿ ಹಲಸು ನೆಟ್ಟು ಈಗ ಕಡಿಯಲೂ ಮನಸ್ಸಿಲ್ಲದೆ ಬಿಡಲೂ ಆಗದೆ ಕೂತಿದ್ದೇನೆ.

—

ಎಲ್ಲರಿಗೂ ಥ್ಯಾಂಕ್ಸ್, ಪ್ರಶ್ನೆ ಕೇಳಿದವಳು ನಾನೇ. ಚಾವಣಿ ನೀರಿನ ಬಗ್ಗೆ ಕೇಳಿದಿರಲ್ಲ, ಇವತ್ತು ಮಳೆಯಲ್ಲೇ ಕೊಡೆ ಹಿಡಿದು ಹೋಗಿ ನೋಡಿದೆ. ಎರಡು ಪೈಪೂ ನೇರ ಆ ಇಳಿಜಾರಿನ ನೆತ್ತಿಗೇ ಬೀಳುತ್ತಿವೆ! ಇಷ್ಟು ವರ್ಷ ಗಮನಿಸಿರಲಿಲ್ಲ. ಮೊದಲು ಅದನ್ನು ಪಕ್ಕಕ್ಕೆ ತಿರುಗಿಸಿ, ಮೇಲೆ ಒಂದು ಕಾಲುವೆ ತೆಗೆದು, ಆಮೇಲೆ 3 ಅಡಿಯ ಎರಡು ಕಲ್ಲುಗೋಡೆ ಅಂತ ತೀರ್ಮಾನ. ಮೆಟ್ಟಿಲು ಗೋಡೆ ಎದ್ದ ಮೇಲೆ ಮಾಡಿಸಬಹುದಾ?

—

ಬೇಡ, ಗೋಡೆಯ ಜೊತೆಗೇ ಏಳಲಿ. ಆಮೇಲೆ ಒಡೆದು ಸೇರಿಸಿದರೆ ಆ ಕಲ್ಲುಗಳಿಗೆ ಹಿಡಿತ ಇರುವುದಿಲ್ಲ. ತಳ್ಳುಗಾಡಿ ಹೋಗುವಷ್ಟು ದಾರಿಯನ್ನೂ ಒಂದು ಕಡೆ ಬಿಡಿಸಿ, ಗೊಬ್ಬರದ ಮೂಟೆ ಹೊರುವಾಗ ನೆನಪಾಗುತ್ತದೆ.