ಸಹಾಯ ಬೇಕು: 1969ರ ಕಮಾರೊ 350 ಇಂಜಿನ್‌ಗೆ ಯಾವ ಹೆಡರ್ ಹಾಕಲಿ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಷಿಗನ್‌ನಲ್ಲಿ. ನನ್ನದು 1969ರ ಶೆವ್ರೊಲೆ ಕಮಾರೊ. 350 ಸ್ಮಾಲ್ ಬ್ಲಾಕ್ ಇಂಜಿನ್, ನಾಲ್ಕು ಗೇರಿನ ಮ್ಯಾನುವಲ್, ಪವರ್ ಸ್ಟೀರಿಂಗ್. ಹೆಡ್ ಹೊಸ ಅಲ್ಯೂಮಿನಿಯಂದು, ಸ್ಪಾರ್ಕ್ ಪ್ಲಗ್ ಓರೆಯಾಗಿ ಕೂರುವಂಥದ್ದು. ಓಡಿಸುವುದು ರಸ್ತೆಯಲ್ಲಿ ಮಾತ್ರ, 5500 ಆರ್‌ಪಿಎಂ ದಾಟುವುದೇ ಅಪರೂಪ.

ಇಂಜಿನ್ನಿನ ಹೊಗೆಯನ್ನು ಹೊರಗೆ ಸಾಗಿಸುವ ಹಳೆಯ ಎರಕದ ಮ್ಯಾನಿಫೋಲ್ಡ್ ಸೀಳು ಬಿಟ್ಟಿದೆ. ಹೇಗೂ ಬದಲಿಸಬೇಕು, ಅದರ ಜಾಗಕ್ಕೆ ಪ್ರತಿ ಸಿಲಿಂಡರಿಗೂ ಬೇರೆ ಉದ್ದನೆಯ ಪೈಪಿರುವ ಲಾಂಗ್ ಟ್ಯೂಬ್ ಹೆಡರ್ ಹಾಕೋಣ ಅಂತ ಆಸೆ. ಮಧ್ಯದ ಆರ್‌ಪಿಎಂನಲ್ಲಿ ಟಾರ್ಕ್ ಚೆನ್ನಾಗಿ ಸಿಗುತ್ತದೆ. ಗೆಳೆಯರ ಬಳಿಯಿದ್ದ ಜೋಡಿಯನ್ನು ಸುಮ್ನೆ ಕೂರಿಸಿ ನೋಡಿದೆ. ಬಲಗಡೆ ಸ್ಟಾರ್ಟರ್ ಹತ್ತಿರ ಜಾಗ ಸಾಲುತ್ತದೆ. ತೊಂದರೆಯೆಲ್ಲ ಎಡಗಡೆ. ಒಂದು ಪೈಪು ಝಡ್ ಬಾರ್‌ಗೆ (ಪೆಡಲ್ ಒತ್ತಿದ್ದನ್ನು ಕ್ಲಚ್‌ಗೆ ದಾಟಿಸುವ ಸರಳು) ತಾಗುತ್ತದೆ. ಮೂರನೇ ಸಿಲಿಂಡರಿನ ಪ್ಲಗ್ ಬೂಟ್ (ಪ್ಲಗ್ ವೈರಿನ ತುದಿಯ ಮುಚ್ಚಳ) ಪೈಪಿಗೆ ಅಂಟಿಕೊಂಡೇ ಇರುತ್ತದೆ, ಬಿಸಿಗೆ ಸುಟ್ಟು ಹೋಗುತ್ತದೆ ಅಲ್ವಾ? ಹೊಸ ಪೈಪನ್ನು ಸುತ್ತಿಗೆಯಿಂದ ಬಡಿದು ತಗ್ಗಿಸಲು ಮನಸ್ಸು ಬರುತ್ತಿಲ್ಲ.

ಇನ್ನು ಹೆಡರ್ ಪೈಪಿನ ದಪ್ಪದ ಅಳತೆ. ಬಿಡಿಭಾಗದ ಅಂಗಡಿಯವರು 1¾ ಇಂಚು ತಗೊಳ್ಳಿ ಅಂತಾರೆ. ಇಂಜಿನ್ ಕಟ್ಟಿಕೊಟ್ಟ ಮೆಕ್ಯಾನಿಕ್ 1⅝ ಸಾಕು ಅಂತಾರೆ. ಪೈಪು ದಪ್ಪವಾದರೆ ಹೊಗೆಯ ವೇಗ ತಗ್ಗಿ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕಡಿಮೆಯಾಗುತ್ತದೆ ಅನ್ನುವುದು ಅವರ ವಾದ. ನನಗೂ ಅದೇ ಸರಿ ಅನಿಸುತ್ತದೆ. ಹಿಂದಕ್ಕೆ 2½ ಇಂಚಿನ ಜೋಡಿ ಪೈಪ್ ಬರಲಿದೆ.

ಇದೇ ಕಾರು, ಮ್ಯಾನುವಲ್ ಕ್ಲಚ್, ಓರೆ ಪ್ಲಗ್ ಹೆಡ್ ಇರುವವರು ದಯವಿಟ್ಟು ಹೇಳಿ: ಝಡ್ ಬಾರ್‌ಗೆ ತಾಗದೆ ಕೂರುವ 1⅝ ಇಂಚಿನ ಲಾಂಗ್ ಟ್ಯೂಬ್ ಯಾವುದು? ಅಂಥದ್ದು ಇಲ್ಲದಿದ್ದರೆ ಗಿಡ್ಡ ಪೈಪಿನ ಶಾರ್ಟಿ ಹೆಡರ್ ಹಾಕಲೋ, ಝಡ್ ಬಾರ್ ಬೇಡದ ಹೈಡ್ರಾಲಿಕ್ ಕ್ಲಚ್‌ಗೆ ಬದಲಾಯಿಸಲೋ?